ಬಕೆಟ್ ಎತ್ತದ ಗಾಡಿ

ವಾಡಿಯಿಂದ ಶಹಾಬಾದಿಗೆ ಹೋಗುವ ದಾರಿಯಲ್ಲಿ, ರೈಲು ಹಳಿಗೆ ಅಂಟಿಕೊಂಡಂತಿದ್ದ ಬಸವಂತರಾಯರ ಫರ್ಸಿ ಹಾಸುಗಲ್ಲಿನ ಗಣಿಯಲ್ಲಿ ಒಂದು ಸಣ್ಣ ಲೋಡರ್ ಇತ್ತು. ಎಲ್ಲಿಯದೋ ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಹರಾಜಿನಲ್ಲಿ ಬಂದ ಹಳೆಯ ಗಾಡಿ. ನಿಂತ ಜಾಗದಲ್ಲೇ ಬುಗುರಿಯಂತೆ ತಿರುಗುತ್ತಿತ್ತು. ಎರಡು ಕಬ್ಬಿಣದ ತೋಳು, ತೋಳಿನ ತುದಿಗೆ ಒಂದು ಬಕೆಟ್. ಫರ್ಸಿ ಎಬ್ಬಿಸಿದ ಮೇಲೆ ಉಳಿಯುವ ಚೂರುಕಲ್ಲನ್ನು ಬಾಚಿ ಲಾರಿಗೆ ತುಂಬುವುದು ಅದರ ಕೆಲಸ. ಅದನ್ನು ನಡೆಸುವುದು ಅಮೀರ್ ಅಲಿಯ ಕೆಲಸ.

ಆ ಗಾಡಿ ಕಾಲನ್ನು ಕೇಳುತ್ತಿರಲಿಲ್ಲ. ಕ್ಲಚ್ಚಿಲ್ಲ, ಪೆಡಲಿಲ್ಲ, ಎಲ್ಲವೂ ಕೈಯ ಲಿವರಿನಲ್ಲೇ. ಮೊದಲು ಅಮೀರ್ ಅಲಿ ಲಾರಿ ಡ್ರೈವರ್. ಚಿತ್ತಾಪುರದಲ್ಲಿ ಮಾಲು ಇಳಿಸುವಾಗ ಫರ್ಸಿ ಜಾರಿ ಬಲಗಾಲಿನ ಮೇಲೆ ಬಿದ್ದು, ಮೊಣಕಾಲಿನ ಕೆಳಗೆ ಕಾಲು ಇದ್ದೂ ಇಲ್ಲದಂತಾಗಿತ್ತು. ಕಾಲು ಹೋದ ಡ್ರೈವರನನ್ನು ಊರು ಚಹಾದಂಗಡಿಯ ಬೆಂಚಿನ ಮೇಲೆ ಕೂರಿಸಿ ಮರೆತುಬಿಡುತ್ತದೆ. ಅವನನ್ನೂ ಹಾಗೇ ಮರೆತಿತ್ತು. ಈ ಗಾಡಿ ಬಂದ ಮೇಲೆ ಮತ್ತೆ ನೆನಪಾದ. ಸೀಟಿನ ಮೇಲೆ ಕೂತಷ್ಟು ಹೊತ್ತು ಅವನು ಕುಂಟನಲ್ಲ. ಗಣಿಯವರು ಗಾಡಿಗೆ ‘ಸಣ್ಣ ಬೇಗಂ’ ಎಂದು ಹೆಸರಿಟ್ಟಿದ್ದರು. ಹೆಂಡತಿ ಖುರ್ಷಿದಬೇಗಂಳಿಗೆ ಅದು ಗೊತ್ತಿತ್ತು. “ನನ್ನ ಸವತಿ ಹ್ಯಾಂಗಿದಾಳ್ರೀ ಇವತ್ತ?” ಎಂದು ಸಂಜೆ ಕೇಳುತ್ತಿದ್ದಳು.

ಆ ಬೇಸಿಗೆಯಲ್ಲಿ ಸಣ್ಣ ಬೇಗಂಗೆ ತೋಳು ಎತ್ತುವುದು ಕಷ್ಟವಾಯಿತು. ಖಾಲಿ ಬಕೆಟ್ ಮೇಲೇರುತ್ತಿತ್ತು. ಕಲ್ಲು ತುಂಬಿದರೆ ಎದೆಮಟ್ಟಕ್ಕೆ ಬಂದು ನಡುಗಿ ನಿಲ್ಲುತ್ತಿತ್ತು. ಲಾರಿಗಳು ಕಾಯತೊಡಗಿದವು.

ಬಸವಂತರಾಯರು ಧೋತರದ ಚುಂಗು ಹಿಡಿದುಕೊಂಡು ಬಂದು ನೋಡಿದರು. “ಅಮೀರಾ, ಇಕಿ ಸೊಂಟ ಹೋಗ್ಯಾದೇನೋ?”

“ಇಲ್ರೀ ಸಾವ್ಕಾರ. ನೋಡ್ಲಿಕತ್ತೀನಿ.”

“ನೋಡು. ಗುರುವಾರ ಗುಜರಿ ಬಂದೇಅಲಿ ಬರ್ತಾನ. ಅಷ್ಟರಾಗ ತುಂಬಿದ ಬಕೀಟ ಎತ್ತಿದ್ರ ಇರ್ಲಿ. ಇಲ್ಲಂದ್ರ ಕಬ್ಬಿಣದ ಲೆಕ್ಕದಾಗ ಕೊಟ್ಟುಬಿಡ್ತೀನಿ. ನನಗೇನು ಅದರ ಮ್ಯಾಲ ಹಗೀ ಇಲ್ಲಪಾ.”

ಅಮೀರ್ ಅಲಿ ಹುಡುಕತೊಡಗಿದ. ಜೊತೆಗೆ ಗಣಿಯ ಗಾಳಿ ಯಂತ್ರ ನೋಡಿಕೊಳ್ಳುವ ರೇವಣಸಿದ್ದಯ್ಯ. ಬಕೆಟ್ ತುಂಬಿ, ಮೇಲೇರಿದಷ್ಟು ಏರಿಸಿ, ತೋಳಿಗೆ ಕಲ್ಲಿನ ಆಸರೆ ಕೊಡದೆಯೇ ಇಂಜಿನ್ ಆರಿಸಿ, ದೂರ ಸರಿದು ನಿಂತು ನೋಡಿದರು. ತೋಳು ಕೆಳಗೆ ಇಳಿಯಲಿಲ್ಲ.

“ತೋಳು ಎತ್ತೋ ಜಾಕು ಚಲೋ ಅವ ಸ್ವಾಮಿ. ಒಳಗಿನ ವಾಸರ ಹೋಗಿದ್ರ ಎಣ್ಣಿ ಸೋರಿ ತೋಳು ಇಳೀತಿತ್ತು,” ಎಂದ ಅಮೀರ್ ಅಲಿ.

ಬಕೆಟ್ಟಿನ ಬಾಯಿ ಮಡಚುವ ಜಾಕು ಬೇರೆ. ಅದನ್ನೂ ನೋಡಿದರು. ಅದಕ್ಕೂ ಬಲ ಸಾಲುತ್ತಿರಲಿಲ್ಲ. ಎರಡೂ ಸೋತಿವೆ ಎಂದರೆ ಎರಡಕ್ಕೂ ಎಣ್ಣೆ ಕೊಡುವ ಕಡೆಯೇ ಏನೋ ಆಗಿದೆ. ಪಂಪು, ಇಲ್ಲವೆ ಒತ್ತಡವನ್ನು ಹಿಡಿದಿಡುವ ವಾಲ್ವು.

ಪಂಪಿನ ಮೇಲೆ ಸಲಾಕೆ ಇಟ್ಟು, ಅದರ ಇನ್ನೊಂದು ತುದಿಗೆ ಕಿವಿ ಹಚ್ಚಿದ ರೇವಣಸಿದ್ದಯ್ಯ ಮುಖ ಕಿವುಚಿದ. “ಹಸಗೂಸು ಅತ್ತಂಗ ಅಳ್ಲಿಕತ್ತದ, ಅಮೀರಭಾಯಿ. ಎಣ್ಣಿ ಸಾಲವಲ್ದೇನು ಅದಕ್ಕ? ಎಣ್ಣಿ ಟಾಕಿ ತಳದಾಗ ಸೋಸೋ ಜಾಲರಿ ಅದಲ್ಲಾ, ಬಿಚ್ಚಿ ನೋಡೂನು?”

“ಬ್ಯಾಡ್ರಿ. ಆ ಎಣ್ಣಿ ಖುರ್ಷಿದ್ ಸೋಸಿದ್ದು.” ಅಮೀರ್ ಅಲಿ ನಕ್ಕ. “ಆಕಿ ಕೈಯಾಗ ನಾರುಹುಣ್ಣಿನ ಹುಳಾನೇ ದಾಟಂಗಿಲ್ಲ. ಕಸ ದಾಟ್ತದೇನು?”

ಅದು ನಿಜವೇ. ಬಾವಿಯ ನೀರು ಕುಡಿದು ಕಾಲಿನಿಂದ ದಾರದಂಥ ಹುಳ ಹೊರಬರುವುದನ್ನು ಕಂಡ ಸೀಮೆ ಅದು. ಆರೋಗ್ಯ ಇಲಾಖೆಯವರು ಊರೂರು ತಿರುಗಿ, ಬಟ್ಟೆ ಮಡಚಿ ನೀರು ಸೋಸಿ ಕುಡಿಯಿರಿ ಎಂದು ಹೇಳಿಹೋಗಿದ್ದರು. ಅಂದಿನಿಂದ ಖುರ್ಷಿದಬೇಗಂಳ ಮನೆಯಲ್ಲಿ ಸೋಸದ ನೀರು ಕೊಡದೊಳಗೆ ಇಳಿದಿರಲಿಲ್ಲ. ಚಳಿಗಾಲದಲ್ಲಿ ಗಾಡಿಯ ಪೈಪು ಒಡೆದು ಎಣ್ಣೆಯೆಲ್ಲ ಕೆಳಗಿಟ್ಟ ಡಬ್ಬಿಗೆ ಸುರಿದಾಗ, ಗುಲಬರ್ಗಾದಿಂದ ಹೊಸ ಎಣ್ಣೆ ಬರುವ ತನಕ ಯಾರು ಕಾಯಬೇಕು ಎಂದು ಅಮೀರ್ ಅಲಿ ಅದನ್ನೇ ಮನೆಗೆ ಹೊತ್ತು ತಂದಿದ್ದ. ಅವಳು ತನ್ನ ಹಳೆಯ ನೀಲಿ ಸೀರೆಯನ್ನು ಹರಿದು, ನಾಲ್ಕು ಮಡಿಕೆ ಮಾಡಿ ಸೋಸಿದಳು. ಹನಿಯೂ ಹಾಳಾಗಬಾರದೆಂದು ಇಬ್ಬರೂ ಆಚೆ ಈಚೆ ನಿಂತು ಬಟ್ಟೆಯನ್ನು ಜೋರಾಗಿ ಹಿಂಡಿದ್ದರು. ಎಣ್ಣೆ ಜೇನಿನಂತೆ ಹೊಳೆದಿತ್ತು.

ಅದಕ್ಕೇ ಜಾಲರಿಯ ಕಡೆ ಅವನ ಮನಸ್ಸು ಹೋಗಲೇ ಇಲ್ಲ.

ಮಂಗಳವಾರ ವಾಲ್ವಿನ ತಿರುಪನ್ನು ಒಂದಿಷ್ಟು ಬಿಗಿ ಮಾಡಿದ. ಬುಧವಾರ ಮುಂಜಾನೆ ಸಣ್ಣ ಬೇಗಂ ತುಂಬಿದ ಬಕೆಟ್ಟನ್ನು ಲಾರಿಯ ಎತ್ತರಕ್ಕೆ ಎತ್ತಿ ಸುರಿದಳು. ಕಲ್ಲು ಒಡೆಯುತ್ತಿದ್ದ ಲಾಲಮ್ಮ ಸುತ್ತಿಗೆ ಕೆಳಗಿಟ್ಟು, “ಅಮೀರಣ್ಣಾ, ಸಣ್ಣಾಕಿ ಮುನಿಸು ಇಳೀತು ನೋಡು!” ಎಂದು ಕೂಗಿದಳು. ಅವನು ಸೀಟಿನ ಮೇಲಿಂದಲೇ ಸಲಾಮು ಹೊಡೆದ. ಬಿಸಿಲೇರುವಷ್ಟರಲ್ಲಿ ತೋಳು ಮತ್ತೆ ಸೋತಿತು. ಇಂಜಿನ್ ಆರಿಸಿ ಸುಮ್ಮನೆ ಬಿಟ್ಟರೆ ಸ್ವಲ್ಪ ಹೊತ್ತು ಚೇತರಿಸಿಕೊಳ್ಳುತ್ತಿತ್ತು, ಮತ್ತೆ ಸೋಲುತ್ತಿತ್ತು. ಎಣ್ಣೆ ಬಿಸಿಯಾಗಿ ತೆಳುವಾಗುತ್ತಿದೆ, ಸವೆದ ಪಂಪಿನೊಳಗೇ ಸೋರಿಹೋಗುತ್ತಿದೆ ಎಂದು ಅವನು ಲೆಕ್ಕ ಹಾಕಿದ. ಆದರೂ ಬಿಡಲಾರದೆ ತಿರುಪನ್ನು ಇನ್ನಷ್ಟು ಬಿಗಿ ಮಾಡಿ, ಇಂಜಿನ್ನನ್ನು ಜೋರು ಮಾಡಿ ಎತ್ತಿಸಿದ. ಒಮ್ಮೆ ಏರಿತು. ಇನ್ನೊಮ್ಮೆ ಏರಿತು. ಆಮೇಲೆ ಪಂಪು ಕಿರಿಚಿತು. ಆ ಸದ್ದು ಕಲ್ಲು ಕೆತ್ತುವವರ ಕೈಗಳನ್ನೆಲ್ಲ ನಿಲ್ಲಿಸಿತು. ಬಕೆಟ್ ನೆಲದ ಮೇಲೆ ಕೂತು, ಖಾಲಿಯಾಗಿದ್ದರೂ ಮತ್ತೆ ಏಳಲಿಲ್ಲ.

ಅವನೇ ಕುಂಟುತ್ತ ಹೋಗಿ ಹೇಳಿದ: “ಪಂಪು ಹೋಯ್ತ್ರೀ ಸಾವ್ಕಾರ.”

ಬಸವಂತರಾಯರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ. “ಹೋಗ್ಲಿ ಬಿಡು. ನೀ ಭಾಳ ಮಾಡಿದಿ.”

ಗುರುವಾರ ಬಂದೇಅಲಿ ಕಬ್ಬಿಣ ಕಡಿಯುವ ಗ್ಯಾಸಿನ ಸಿಲಿಂಡರಿನೊಂದಿಗೆ ಬಂದ. ಕಡಿಯುವ ಮೊದಲು ಎಣ್ಣೆ ಇಳಿಸಬೇಕು, ಇಲ್ಲವಾದರೆ ಬೆಂಕಿ ಹತ್ತುತ್ತದೆ. “ಅದನ್ನ ನಾನೇ ಮಾಡ್ತೀನಿ,” ಎಂದ ಅಮೀರ್ ಅಲಿ. ಮನೆಯವರ ಹೆಣ ತೊಳೆಯಲು ಪರರನ್ನು ಬಿಡದವನಂತೆ ನೆಲಕ್ಕೆ ಕೂತು, ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಎಣ್ಣೆ ಇಳಿಯಿತು. ಜೇನಿನ ಬಣ್ಣವೇ ಇತ್ತು. ಒಳಗೆ ಕೈ ಹಾಕಿ ಜಾಲರಿಯನ್ನು ಹೊರಗೆಳೆದ.

ಜಾಲರಿಯ ಮೈತುಂಬ ಕಂಬಳಿ ಹೊದಿಸಿದಂತೆ ನೂಲಿನ ಎಳೆ ಅಂಟಿತ್ತು. ಉಗುರಿನಿಂದ ಕೆರೆದು ಬಿಸಿಲಿಗೆ ಹಿಡಿದ. ಎಣ್ಣೆಯೊಳಗಿಂದಲೂ ಅದರ ನೀಲಿ ಕಾಣುತ್ತಿತ್ತು. ಸವೆದ ಸೀರೆ, ಹಿಂಡಿದ ಸೀರೆ. ಇಂಜಿನ್ ನಿಂತಾಗ ಎಳೆ ಸಡಿಲವಾಗಿ, ನಡೆದಾಗ ಮತ್ತೆ ಕವುಚಿಕೊಂಡು, ಪಂಪಿನ ಬಾಯಿ ಮುಚ್ಚಿತ್ತು. ಎಣ್ಣೆ ಸಿಗದೆ, ಒಣಗಿದ ಬಾಯಲ್ಲಿ ಪಂಪು ಅತ್ತಿತ್ತು. ಅವನು ತಿರುಪು ಬಿಗಿ ಮಾಡಿದ್ದ.

ರೇವಣಸಿದ್ದಯ್ಯ ಹಿಂದೆ ನಿಂತು ನೋಡುತ್ತಿದ್ದ. “ಪಂಪು ಚಲೋನೇ ಇತ್ತೇನು, ಅಮೀರಭಾಯಿ?”

“ಬುಧವಾರ ಮುಂಜಾನಿ ತನಕ ಇತ್ತು.”

“ಸಾವ್ಕಾರ್ಗ ಹೇಳೂನೇನು?”

“ಹೇಳಿದ್ರ ಸಣ್ಣಾಕಿ ಏಳ್ತಾಳೇನ್ರಿ ಸ್ವಾಮಿ?”

ರೇವಣಸಿದ್ದಯ್ಯ ಅವನ ಹೆಗಲ ಮೇಲೆ ಕೈ ಇಟ್ಟ. ಬಂದೇಅಲಿಯ ಬೆಂಕಿ ಮೊದಲು ತೋಳುಗಳನ್ನು ಕಡಿಯಿತು. ಅಮೀರ್ ಅಲಿ ನೂಲನ್ನು ಜಾಲರಿಯಿಂದ ಪೂರ್ತಿ ಬಿಡಿಸಿ, ಚೂರುಕಲ್ಲಿನ ಗುಡ್ಡೆಯ ಕೆಳಗೆ ಮುಚ್ಚಿ, ಮನೆಗೆ ನಡೆದ. ಅಂದು ಆ ದಾರಿ ಬಹಳ ಉದ್ದವಿತ್ತು.

ಖುರ್ಷಿದಬೇಗಂಳಿಗೆ ಸುದ್ದಿ ಆಗಲೇ ಮುಟ್ಟಿತ್ತು. ಸವತಿಯ ಮಾತು ಎತ್ತಲಿಲ್ಲ. ಅವನು ಗೋಡೆಗೆ ಒರಗಿ ಕೂತ ಮೇಲೆ ಮೆಲ್ಲಗೆ ಕೇಳಿದಳು: “ಎಣ್ಣಿ ಹೊಲಸಾಗಿತ್ತೇನ್ರಿ? ನಾ ಇನ್ನೊಂದು ಮಡಿಕಿ ಹಾಕಬೇಕಿತ್ತೇನು?”

“ಇಲ್ಲ. ನಿನ್ನ ಎಣ್ಣಿ ಬಂಗಾರದಂಥಾದ್ದಿತ್ತು. ಪಂಪಿಗೇ ವಯಸ್ಸಾಗಿತ್ತು.”

ಅವಳ ಮುಖ ಹಗುರಾಯಿತು. ಎದ್ದು ಹೋಗಿ, ಅದೇ ಸೀರೆಯ ಉಳಿದ ತುಂಡನ್ನು ಕೊಡದ ಬಾಯಿಗೆ ಬಿಗಿದು, ಸಂಜೆಯ ನೀರನ್ನು ಸೋಸಿದಳು. ಲೋಟ ತುಂಬಿ ತಂದು ಅವನ ಕೈಗಿಟ್ಟಳು. ಅವನು ಕುಡಿದ.

ಹಾಸಿಗೆ ಬಿಡಿಸುತ್ತ, ರೂಢಿಯಂತೆ, ಬೆನ್ನು ತಿರುಗಿಸಿಯೇ ಕೇಳಿದಳು: “ನಾಳೆ ಎಷ್ಟೊತ್ತಿಗೆ ಎಬ್ಬಸ್ಲಿ?”

ಕೇಳಿದ ಮೇಲೆ ಅವಳ ಕೈ ನಿಂತಿತು. ಹೊರಗೆ ವಾಡಿಯ ಕಡೆ ಹೋಗುವ ಗೂಡ್ಸು ಫರ್ಸಿ ಹೊತ್ತು ದಾಟುತ್ತಿತ್ತು. ಅದರ ಕೊನೆಯ ಡಬ್ಬಿ ಹೋಗುವ ತನಕ ಇಬ್ಬರೂ ಕಾದರು. ಆಮೇಲೆ ಅಮೀರ್ ಅಲಿ ಖಾಲಿ ಲೋಟವನ್ನು ಕೊಡದ ಪಕ್ಕಕ್ಕಿಟ್ಟು ಬಂದು ಮಲಗಿದ.