ಅಕ್ರಾಕ್ಕೆ ಹೊರಟ ಪೆಟ್ಟಿಗೆಗಳು

ಯಾರಾದರೂ ನನಗೆ ಇಂಥದೊಂದು ಸಂಗತಿ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವಳು ನಾನು. ಅಳತೆಗೆ ಸಿಗದ್ದನ್ನು ನಂಬಿ ಅಭ್ಯಾಸವಿಲ್ಲ. ನೀವೂ ನಂಬಲೇಬೇಕೆಂದೇನಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಕನ್ನಡದವರ ಗುಂಪು ಹಳೆಯ ಲ್ಯಾಪ್‌ಟಾಪುಗಳನ್ನು ಸೇರಿಸಿ ಘಾನಾದ ರಾಜಧಾನಿ ಅಕ್ರಾದ ಶಾಲೆಗಳಿಗೆ ಕಳಿಸಲು ಹೊರಟಿತು. ಉಸ್ತುವಾರಿ ನನ್ನದು. ಊರಿನ ಪರಿಚಯಕ್ಕೆ ಮೂರು ಸ್ಲೈಡುಗಳನ್ನೂ ನಾನೇ ಮಾಡಿದೆ. ಅಟ್ಲಾಂಟಿಕ್ ತೀರ, ಗಾ ಎಂಬ ಸ್ಥಳೀಯ ಜನರ ಮೀನುಗಾರಿಕೆಯ ಹಳ್ಳಿಗಳು, ಚಿನ್ನಕ್ಕೂ ಗುಲಾಮರಿಗೂ ಬಂದ ಯುರೋಪಿನವರು ಕಟ್ಟಿದ ಕೋಟೆಗಳು, ಆಮೇಲೆ ಬ್ರಿಟಿಷರ ರಾಜಧಾನಿ, ಈಗ ಬ್ಯಾಂಕು, ಗಿಜಿಗುಡುವ ಮಾರುಕಟ್ಟೆ. ಚಪ್ಪಾಳೆಯೂ ಬಿತ್ತು.

ಆಯುಧಪೂಜೆಗೆಂದು ಮನೆ ಗುಡಿಸಿದವರು ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ನಮ್ಮ ಗರಾಜಿಗೆ ತಂದು ಸುರಿದದ್ದನ್ನು ನೋಡಿ ಹೇಸಿಗೆಯಾಯಿತು. ಊದಿದ ಬ್ಯಾಟರಿ, ಒಡೆದ ಸ್ಕ್ರೀನು, ಕೀಲಿಗಳ ಸಂದಿಯಲ್ಲಿ ಒಣಗಿದ ಅನ್ನದ ಅಗುಳು. ಮುಚ್ಚಳದ ಮೇಲೆ ಮಾತ್ರ ಭಕ್ತಿಯಿಂದ ಇಟ್ಟ ಕುಂಕುಮ. ಪೂಜೆ ಮಾಡಿ ಕಸವನ್ನು ದಾನ ಕೊಡುವ ಈ ಜನಕ್ಕೆ ಏನೆನ್ನಬೇಕು? ಆದರೆ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೂ "ಕೆಲಸ ಮಾಡುತ್ತದೆ" ಎಂದು ಗುರುತು ಹಾಕಿದವಳು ನಾನೇ. ಒಂದನ್ನೂ ಆನ್ ಮಾಡಿ ನೋಡಿರಲಿಲ್ಲ.

ಲಾರಿ ಬರಬೇಕಿದ್ದ ಶನಿವಾರ ಬೆಳಿಗ್ಗೆ ಗರಾಜಿಗೆ ಕಾಲಿಟ್ಟರೆ ವೈರು ಸುಡುವ ವಾಸನೆ. ಅದರ ಜೊತೆಗೆ ಕೊಳೆತ ನೀರಿನ ನಾತ. ಗಂಟಲಿಗೆ ಅಂಟಿಕೊಂಡಿತು, ಓಕರಿಕೆ ಬಂತು. ಪ್ಲಗ್ಗು, ಹೀಟರು, ಪೆಟ್ಟಿಗೆ ಎಲ್ಲ ಮುಟ್ಟಿ ನೋಡಿದೆ, ತಣ್ಣಗಿದ್ದವು. ಹೊಗೆಯ ಅಲಾರಮ್ಮೂ ಸುಮ್ಮನಿತ್ತು. ನನ್ನ ಗಂಡ ಬಂದು ಮೂಗರಳಿಸಿ, "ಏನೂ ಇಲ್ಲ ಕಣೇ. ಫ್ರೀವೇ ಕಡೆಯಿಂದ ಬಂದಿರ್ಬೇಕು, ಡೋರ್ ಕ್ಲೋಸ್ ಮಾಡು" ಎಂದರು. ಬಾಗಿಲಾಚೆ ಹೋಗಿ ನೋಡಿದೆ. ಅಲ್ಲಿ ವಾಸನೆಯೇ ಇರಲಿಲ್ಲ.

ಹತ್ತು ಗಂಟೆಗೆ ಲಾರಿ ಬಂತು. ಘಾನಾಕ್ಕೆ ಸಾಮಾನು ಸಾಗಿಸುವವರು ಕಳಿಸಿದ ಡ್ರೈವರ್ ಕೋಫಿ ಅಕ್ರಾದಲ್ಲೇ ಹುಟ್ಟಿ ಬೆಳೆದವನು. ಒಳಗೆ ಎರಡು ಹೆಜ್ಜೆ ಇಟ್ಟವನು ಗಕ್ಕನೆ ನಿಂತ. ನಾನು ಬಾಯಿ ಬಿಡುವ ಮೊದಲೇ, ಇಲ್ಲಿ ವೈರು ಸುಡುತ್ತಿರುವವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ.

ಅವನ ಊರಿನಲ್ಲಿ ಹಿನ್ನೀರಿನ ದಂಡೆಯ ಮೇಲೆ ಇದೇ ವಾಸನೆಯ ಜಾಗವಿತ್ತಂತೆ. ಹಡಗಿನಲ್ಲಿ ಬಂದ ಕಂಪ್ಯೂಟರುಗಳಲ್ಲಿ ನಡೆಯುವಂಥವು ರಿಪೇರಿಯಾಗಿ ಅಂಗಡಿ ಸೇರುತ್ತಿದ್ದವು. ಸತ್ತವು ದಂಡೆಗೆ ಹೋಗುತ್ತಿದ್ದವು. ತಾಮ್ರಕ್ಕಾಗಿ ಅವುಗಳ ವೈರು ಸುಡುತ್ತಿದ್ದ ಅವನ ಅಣ್ಣ ಆ ಹೊಗೆ ಕುಡಿದೇ ಎದೆ ಕೆಡಿಸಿಕೊಂಡ. ಇಷ್ಟು ಹೇಳಿ ಕೋಫಿ ಪಟ್ಟಿಯನ್ನು ನನ್ನ ಮುಂದೆ ಹಿಡಿದು, "ಆಲ್ ವರ್ಕಿಂಗ್, ಮ್ಯಾಮ್?" ಎಂದ.

ಸಂಜೆ ನಮ್ಮ ಗುಂಪಿನ ಸಮಾರಂಭವಿತ್ತು. ಲಾರಿಯ ಫೋಟೋ ಎಲ್ಲರಿಗೂ ತೋರಿಸಬೇಕಿತ್ತು. "ಯೆಸ್" ಎಂದು ಸಹಿ ಹಾಕಿದೆ. ಅದು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

ಕೊನೆಯ ಪೆಟ್ಟಿಗೆ ಲಾರಿ ಸೇರುತ್ತಲೇ ವಾಸನೆ ನಿಂತಿತು. ಇನ್ನೂ ಸುಡದ ವೈರಿನ ವಾಸನೆ ನಮ್ಮಿಬ್ಬರ ಮೂಗಿಗೆ ಮಾತ್ರ ಹೇಗೆ ಬಂತೋ ನನಗೆ ಗೊತ್ತಿಲ್ಲ. ಲ್ಯಾಬಿನಲ್ಲಿ ಬಲ್ಲವರನ್ನು ಕೇಳಿದ್ದೇನೆ, ಒಪ್ಪುವಂಥ ಉತ್ತರ ಸಿಕ್ಕಿಲ್ಲ. ಲಾರಿ ತಿರುವಿನಲ್ಲಿ ಮರೆಯಾದಾಗ ನಾನು ಮಾಡಿದ್ದಿಷ್ಟೇ. ಖಾಲಿ ಗರಾಜಿನ ನಡುವೆ ನಿಂತು, ಸದ್ಯ, ಹೋಯಿತಲ್ಲ ಎಂದು ಎದೆತುಂಬ ಉಸಿರೆಳೆದುಕೊಂಡೆ.