ಗಿರಣಿಯ ಹಿಂಬಾಗಿಲಲ್ಲಿ ಹಾಲು ಕುಡಿದ ಕೂಸು

ನೂಲಿನ ಗಿರಣಿಯಲ್ಲಿ ಎಳೆ ಕೂಡಿಸುತ್ತಿದ್ದ ಆಕೆಯನ್ನು ಎಲ್ಲರೂ ಚುರುಕಿ ಎಂದೇ ಕರೆಯುತ್ತಿದ್ದರು. ಹರಿದ ಎಳೆ ಅವಳ ಬೆರಳಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಕೊಳ್ಳುತ್ತಿತ್ತು. ಹೆತ್ತ ಮಕ್ಕಳಿಬ್ಬರು ಮಾತ್ರ ಅವಳಿಗೆ ದಕ್ಕಿರಲಿಲ್ಲ. ಎರಡೂ ಬೇಸಿಗೆಯಲ್ಲಿ, ವಾಂತಿಭೇದಿಯಲ್ಲಿ ಹೋದವು. ಅವಳಿದ್ದ ಓಣಿಗೆ ಅದೇನೂ ಹೊಸತಲ್ಲ. ಹಲ್ಲು ಮೂಡುವ ತನಕ ಕೂಸು ನಮ್ಮದಲ್ಲ ಎಂದೇ ಜನ ಮಾತಾಡುತ್ತಿದ್ದರು.

ಮೂರನೆಯದು ಹೆಣ್ಣು. ಮನೆಯೆಂದರೆ ಒಂದೇ ಕೋಣೆ, ಬಾಗಿಲೆದುರಿಗೇ ಇಡೀ ಓಣಿಯ ಕಕ್ಕಸು. ಗಂಡ ಹತ್ತಿಯ ಧೂಳು ಕುಡಿದು ಕೆಮ್ಮುತ್ತ ಮೂಲೆ ಹಿಡಿದಿದ್ದ. ಹಸಿ ಬಾಣಂತಿಯೇ ಗಿರಣಿಗೆ ಮರಳಿದಳು. ಅತ್ತೆ ನೀರು ಬೆರೆತ ಅಂಗಡಿ ಹಾಲನ್ನು ರಬ್ಬರ್ ಕೊಳವೆಯ ಸೀಸೆಯಲ್ಲಿ ಕುಡಿಸುತ್ತಿದ್ದಳು.

ಗಿರಣಿಯ ರಜೆಯ ದಿನ ಮನೆಮನೆ ನೋಡುತ್ತ ಬಂದ ನಗರಸಭೆಯ ದಾದಿ ಸೀಸೆ ಮೂಸಿ ಮುಖ ಸಿಂಡರಿಸಿದಳು. ಎದೆಹಾಲಲ್ಲದೆ ಬೇರೇನೂ ಕೊಡಬೇಡಿ, ಕಿಟಕಿ ತೆರೆದಿಡಿ ಎಂದಳು. ಕಿಟಕಿ ಇದ್ದರೆ ತಾನೇ ತೆರೆಯೋದು ಎಂದು ಅತ್ತೆ ಗೊಣಗಿದಳು. ಚುರುಕಿ ನಗುತ್ತಲೇ ಕೇಳಿದಳು:

“ಎದೆ ಮನೇಲಿ ಬಿಚ್ಚಿಟ್ಟು ಗಿರಣಿಗೆ ಹೋಗೋಕಾಗುತ್ತಾ ಅಕ್ಕಾ?”

ದಾದಿ ಮುಂದಿನ ಮನೆಗೆ ನಡೆದಳು.

ಕೊನೆಗೆ ಅತ್ತೆಯೇ ದಾರಿ ಹುಡುಕಿದಳು. ಮಧ್ಯಾಹ್ನದ ಬಿಡುವಿಗೆ ಕೂಸನ್ನು ಶಾಲಿನಲ್ಲಿ ಸುತ್ತಿ ಗಿರಣಿಯ ಹಿಂಬಾಗಿಲಿಗೆ ಒಯ್ದಳು. ಚುರುಕಿ ಆ ಬಾಗಿಲ ಕಬ್ಬಿಣದ ಸರಳಿಗೆ ಎದೆಯೊತ್ತಿ ಹಾಲೂಡಿಸಿದಳು. ಅವಳನ್ನು ನೋಡಿ ಇನ್ನಷ್ಟು ಬಾಣಂತಿಯರು ಅಲ್ಲಿ ನಿಲ್ಲತೊಡಗಿದರು. ಹೆಂಗಸರು ಯಂತ್ರದ ಹತ್ತಿರ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲವೆಂದು ಮೇಸ್ತ್ರಿ ಬಾಗಿಲಿಗೆ ಹಲಗೆ ಹೊಡೆಸಿದ. ಸೀಸೆ ಮತ್ತೆ ಹೊರಬಂತು.

ಬಿಸಿಲೇರುತ್ತಲೇ ಕೂಸಿಗೆ ಭೇದಿ ಹತ್ತಿತು. ಗಿರಣಿಯ ಸಿಳ್ಳೆ ಕೂಗಿದರೂ ಚುರುಕಿ ಏಳಲಿಲ್ಲ. ಹೊಟ್ಟೆಗೇನು ಮಾಡೋಣ ಎಂದು ಗಂಡ ಅಂಗಲಾಚಿದ.

“ಇದನ್ನೂ ಹೂತು ಬಂದು ಎಳೆ ಕೂಡಿಸೋಕೆ ನನ್ನ ಕೈಲಾಗಲ್ಲ,” ಎಂದಳು.

ಹಗಲೂ ರಾತ್ರಿ ಎದೆಗವಚಿಕೊಂಡು ಕೂತದ್ದಕ್ಕೋ ಏನೋ, ಕೂಸು ಬದುಕಿತು. ಅಷ್ಟರಲ್ಲಿ ಅವಳ ಯಂತ್ರದ ಮುಂದೆ ಬೇರೊಬ್ಬಳು ನಿಂತಿದ್ದಳು.

ಆಮೇಲೆ ಆ ಕೋಣೆಯಲ್ಲೇ ಗೋಣಿಚೀಲ ಹೊಲಿಯುವುದು ಅವಳ ಪಾಡಾಯಿತು. ಗಿರಣಿಗೆ ಹೋಗುವ ನೆರೆಯವರು ತಮ್ಮ ಕೂಸುಗಳನ್ನೂ ಅವಳ ಮಡಿಲಿಗೆ ಹಾಕತೊಡಗಿದರು. ಬೇಡವೆನ್ನಲು ಬಾಯಿ ಬಾರದೆ ಅವಕ್ಕೂ ಹಾಲೂಡಿಸಿದಳು. ಮಗಳಿಗೇ ಹಾಲು ಸಾಲದಾದಾಗ ಅತ್ತೆ ಸಿಡುಕಿದಳು, ನೀನೇನು ಊರ ಕೆರೆಯಾ ಎಂದು. ಚುರುಕಿ ಎದುರುಮನೆಯವಳ ಗಂಡುಕೂಸನ್ನು ಹಿಂದಕ್ಕೆ ಕೊಟ್ಟಳು. ಸೀಸೆ ಹಾಲಿಗೆ ಮರಳಿದ ಅದು ಮಳೆಗಾಲ ಕಾಣಲಿಲ್ಲ.

ಆ ತಾಯಿ ದಿನಾ ಬೆಳಿಗ್ಗೆ ತಲೆತಗ್ಗಿಸಿ ಬಾಗಿಲ ಮುಂದೆ ಹಾದುಹೋಗುತ್ತಿದ್ದಳು. ಅವಳ ಹೆಜ್ಜೆಸದ್ದು ಕೇಳಿದರೆ ಸಾಕು, ಚುರುಕಿ ಸೆಖೆಯಲ್ಲೂ ಬಾಗಿಲು ಮುಚ್ಚಿ, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಯುತ್ತಿದ್ದಳು.