ಒಂದು ಹಿಡಿ ಕಡಲೆಕಾಯಿ

...ಅಥವಾ ಅದು ಹೀರೇಕಾಯಿ ಪಲ್ಯವೇ ಆಗಿರಲಿಲ್ಲವೇನೋ. ಹುರುಳಿಕಾಯಿಯೂ ಇದ್ದಿರಬಹುದು. ಇಪ್ಪತ್ತು ವರ್ಷಗಳಿಂದ ಅದನ್ನು ಹೀರೇಕಾಯಿ ಎಂದೇ ನೆನೆಯುತ್ತ ಬಂದಿದ್ದೇನೆ. ಎಷ್ಟು ಸಲ ನೆನೆದಿದ್ದೇನೆಂದರೆ ಈಗ ಆ ಸ್ಟೀಲ್ ಬಟ್ಟಲಿನ ಅಂಚು, ಅದರ ಮೇಲೆ ಮುಚ್ಚಿದ್ದ ಸಣ್ಣ ತಟ್ಟೆ, ತಟ್ಟೆಯ ಒಳಗೆ ಕೂತ ಹಬೆಯ ಹನಿ, ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಇಷ್ಟು ಚೆನ್ನಾಗಿ ಕಾಣುವುದರಿಂದಲೇ ನನಗೆ ಅನುಮಾನ. ಅವತ್ತು ನಾನು ಆ ಬಟ್ಟಲನ್ನು ಇಷ್ಟು ಗಮನವಿಟ್ಟು ನೋಡಿರಲು ಸಾಧ್ಯವಿಲ್ಲ. ಗಮನವಿದ್ದಿದ್ದರೆ ಅದರೊಳಗೆ ಕಡಲೆಕಾಯಿ ಪುಡಿ ಬೀಳುತ್ತಲೇ ಇರಲಿಲ್ಲ.

ಇವತ್ತು ಬೆಳಿಗ್ಗೆ ಸಿರಾದ ಈ ಮನೆಯಲ್ಲಿ ಬಾಣಲೆಗೆ ಕಡಲೆಕಾಯಿ ಬೀಜ ಹಾಕಿ ಹುರಿಯುತ್ತಿದ್ದೆ. ಸಿಪ್ಪೆ ಕಪ್ಪಾಗುವುದಕ್ಕೆ ಸ್ವಲ್ಪ ಮುಂಚೆ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿಯಿತು. ನನಗೀಗ ಎರಡು ವರ್ಷದಿಂದ ಸೋರಿಯಾಟಿಕ್ ಆರ್ಥ್ರೈಟಿಸ್. ಚರ್ಮದ ಮೇಲಿನ ಸೋರಿಯಾಸಿಸ್ ಕೀಲುಗಳಿಗೂ ಇಳಿಯುವ ಕಾಯಿಲೆ. ಬೆಳಗ್ಗೆ ಎದ್ದಾಗ ಹಿಮ್ಮಡಿ ನೆಲಕ್ಕೆ ಊರಲಾಗುವುದಿಲ್ಲ, ಬಲಗೈಯ ಎರಡು ಬೆರಳು ಊದಿಕೊಂಡಿರುತ್ತವೆ. ತುಮಕೂರಿನ ಡಾಕ್ಟರು ವಾರಕ್ಕೊಮ್ಮೆ ನುಂಗುವ ಮಾತ್ರೆಯ ಜೊತೆಗೆ ಒಂದು ಹಾಳೆ ಕೊಟ್ಟಿದ್ದಾರೆ. ತೂಕ ಇಳಿಸಬೇಕು, ಸಕ್ಕರೆ ಮತ್ತು ಕರಿದ ತಿಂಡಿ ಬಿಡಬೇಕು, ಸೊಪ್ಪು ಕಾಳು ಹೆಚ್ಚಿಸಬೇಕು, ದಿನಾ ಅರ್ಧ ಗಂಟೆ ನಡೆಯಬೇಕು, ಬಿಸಿನೀರಿನಲ್ಲಿ ಕೈಯಿಟ್ಟು ಬೆರಳು ಮಡಚಿ ಬಿಡಿಸಬೇಕು. ಕೊನೆಯ ಸಾಲಿನಲ್ಲಿ, ದಿನಕ್ಕೆ ಒಂದು ಹಿಡಿ ಕಡಲೆಕಾಯಿ ತಿನ್ನಬಹುದು ಎಂದಿದೆ.

ಕಡಲೆಕಾಯಿ ತಿನ್ನಬಹುದು. ಅದನ್ನು ಓದಿದಾಗಿನಿಂದ ನನ್ನ ಹಳೆಯ ಓನರಮ್ಮ ತಲೆಯಲ್ಲಿ ಓಡಾಡುತ್ತಿದ್ದಾರೆ.

ಆಗ ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಒಂದು ಊರಿನ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದಿದ್ದೆ. ಆಕೆಯ ಮನೆಗೆ ಅಂಟಿಕೊಂಡಿದ್ದ ಒಂದು ಕೋಣೆ ನನ್ನದು. ಗಂಡ ತೀರಿಕೊಂಡಿದ್ದರು, ಮಗಳನ್ನು ಕೊರಟಗೆರೆಗೆ ಕೊಟ್ಟಿದ್ದರು. ಮಳೆಗಾಲ ಶುರುವಾಗುವ ಹೊತ್ತಿಗೆ ಬಿತ್ತನೆ ಬೀಜಕ್ಕೆ ಕಡಲೆಕಾಯಿ ಸುಲಿಯುವ ಕೆಲಸ ಬರುತ್ತಿತ್ತು. ಯಂತ್ರದಲ್ಲಿ ಬೀಜ ಒಡೆಯುತ್ತದೆಂದು ಕೈಯಲ್ಲೇ ಸುಲಿಸುತ್ತಿದ್ದರು. ಹೊಂಗೆ ಮರದ ಕೆಳಗೆ ಹತ್ತು ಹನ್ನೆರಡು ಹೆಂಗಸರು ರಾಶಿಯ ಸುತ್ತ ಕೂತು, ಹೆಬ್ಬೆರಳಲ್ಲಿ ಒತ್ತಿ ಟಕ್ ಟಕ್ ಎಂದು ಕಾಯಿ ಬಿಡಿಸುವರು. ಸುಲಿಯುವಾಗ ಎಷ್ಟು ತಿಂದರೂ ಯಾರೂ ಕೇಳುವುದಿಲ್ಲ. ಸಂಜೆ ಏಳುವಾಗ ಸೆರಗಿನ ತುದಿಯಲ್ಲಿ ಒಂದು ಹಿಡಿ ಕಟ್ಟಿಕೊಂಡು ಹೋಗುವುದೂ ವಾಡಿಕೆ.

ಅವರ ಜೊತೆ ಸುಲಿಯಲು ಕೂರುತ್ತಿದ್ದ ಓನರಮ್ಮನ ಉಗುರುಗಳ ಮೇಲೆ ರಾಗಿಕಾಳು ಒತ್ತಿ ತೆಗೆದಂತೆ ಸಣ್ಣ ಸಣ್ಣ ಗುಂಡಿಗಳಿದ್ದವು. ಹೆಬ್ಬೆರಳ ಉಗುರು ಬುಡದಿಂದ ಎದ್ದು ಹಳದಿಯಾಗಿತ್ತು. ಅದನ್ನು ಯಾರೂ ಕಾಯಿಲೆ ಎಂದುಕೊಳ್ಳಲಿಲ್ಲ. "ಇಲ್ಲಿ ಯಾರ ಉಗುರು ನೆಟ್ಟಗೈತೆ? ಕಾಯಿ ಸುಲಿಯೋರ ಉಗುರು ಇಂಗೇ ಕಣಮ್ಮ ಬುಡು," ಎಂದು ಹೆಂಗಸರು ತಮ್ಮ ತಮ್ಮ ಕೈ ಚಾಚಿ ತೋರಿಸುತ್ತಿದ್ದರು. ಬೆರಳು ಊದಿದರೆ ಸುಲಿದು ಊದಿದೆ ಎಂದರು. ಮೊಣಕೈಯ ಹುರುಪೆಯನ್ನು ಆಕೆ ರವಿಕೆಯ ಉದ್ದ ತೋಳಿನೊಳಗೆ ಮುಚ್ಚಿಟ್ಟಿದ್ದರು. ಹೀಗೆ ಎಷ್ಟು ವರ್ಷ ಹೋಯಿತೋ. ಕೊನೆಗೆ ಮುದ್ದೆ ಕೋಲು ಹಿಡಿಯಲಾಗದೆ ಹೋದಾಗ ನಾನೇ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಉಗುರು ನೋಡಿದವರೇ ರವಿಕೆಯ ತೋಳು ಮೇಲೆತ್ತಲು ಹೇಳಿದರು. ಈಗ ನನಗಿರುವ ಕಾಯಿಲೆಯೇ ಅದು.

ಚೀಟಿ ಓದಿ ಹೇಳುವ ಕೆಲಸ ನನ್ನದಾಯಿತು. ವಾರಕ್ಕೊಂದು ಮಾತ್ರೆ, ಬೆರಳಿನ ವ್ಯಾಯಾಮ, ದಿನಾ ನಡಿಗೆ. ಮಾತ್ರೆಗೆ ಆಕೆಗೆ ವಾಕರಿಕೆ ಬರುತ್ತಿತ್ತು, ಆದರೂ ನುಂಗಿದರು. ಬೆರಳಿನ ವ್ಯಾಯಾಮವನ್ನು ಮುದ್ದೆಗೆ ಇಟ್ಟ ಎಸರಿನ ಹಬೆಯಲ್ಲೇ ಮುಗಿಸುತ್ತಿದ್ದರು. ನಡಿಗೆಗೆ ಮಾತ್ರ ಒಪ್ಪಲಿಲ್ಲ.

"ಎಲ್ಲಿಗೂ ಹೋಗ್ದಲೆ ನಡೆಯೋದು ಅಂದ್ರೆ ಹೆಂಗೆ ಮಿಸ್ಸೆ? ನೋಡ್ದೋರು ಹುಚ್ಚಿ ಅಂತಾರೆ."

ಅದಕ್ಕೆ ಒಂದು ದಾರಿ ಅವರೇ ಹುಡುಕಿದರು. ಕಂಕುಳಲ್ಲಿ ಖಾಲಿ ಮಂಕರಿ, ಅದರೊಳಗೊಂದು ಕುಡುಗೋಲು, ಜೊತೆಗೆ ನಾನು. ಹುಲ್ಲಿಗೆ ಹೋದಂತೆ ಹೊರಡುವುದು, ಕೆರೆ ಏರಿಯ ಆ ತುದಿ ಮುಟ್ಟಿ ಬರುವುದು. ಮನೆಯಲ್ಲಿ ಹಸುವಿರಲಿ, ಆಡೂ ಇರಲಿಲ್ಲ. ಏರಿಯ ಮೇಲೆ ಕುರಿ ಬಿಟ್ಟುಕೊಂಡು ಕೂರುತ್ತಿದ್ದ ಮುದುಕರೊಬ್ಬರು ದಿನಾ ಕೇಳುವರು: "ಏನಮ್ಮಾ, ಹುಲ್ಲು ಸಿಕ್ತಾ?"

"ಇನ್ನೂ ಮೊಳೀಬೇಕು ಕಣಪ್ಪ. ನೋಡ್ಕಂಡ್ ಬರಾಕೋಗಿದ್ವಿ."

ಇದು ಚೆನ್ನಾಗಿ ನೆನಪಿದೆ. ಆದರೆ ಎಷ್ಟು ದಿನ ನಡೆದೆವು? ಒಂದು ತಿಂಗಳು ಎಂದು ಮನಸ್ಸು ಹೇಳುತ್ತದೆ. ಒಂದು ವಾರವೂ ಇರಬಹುದು.

ಆ ಜೂನಿನಲ್ಲಿ ಮಗಳು ಬಂದವಳು ಒಂದು ಡಬ್ಬಿ ಪುಡಿ ತಂದಳು. ಸಿದ್ದರಬೆಟ್ಟದ ಕೆಳಗೆ ಯಾರೋ ಒಬ್ಬ ಕೊಡುತ್ತಿದ್ದನಂತೆ. ನಲವತ್ತೆಂಟು ದಿನ, ಜೇನಿನಲ್ಲಿ ಎರಡು ಹೊತ್ತು. ಆಸ್ಪತ್ರೆಯ ಮಾತ್ರೆ ಜೊತೆಗೆ ಬೇಡ. ಪಥ್ಯ ಕಟ್ಟುನಿಟ್ಟು. ಬದನೆಕಾಯಿ, ಮೊಟ್ಟೆ, ಕೋಳಿ ಇಲ್ಲ, ಹುಳಿ ಇಲ್ಲ. ಎಲ್ಲಕ್ಕಿಂತ ದೊಡ್ಡ ನಂಜು ಕಡಲೆಕಾಯಿ, ಅದರ ಎಣ್ಣೆಯೂ ನಾಲಿಗೆಗೆ ಸೋಕಬಾರದು. ಪಥ್ಯ ಮುರಿದರೆ ಮದ್ದು ಒಳಗೇ ತಿರುಗಿ ವಿಷವಾಗುತ್ತದೆ. ಹಾಗಾದರೆ ಆ ಹೊತ್ತೇ ಪುಡಿಯನ್ನು ಮನೆಯಿಂದಾಚೆ ಹಾಕಿ, ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಮೊದಲ ದಿನದಿಂದ ಮತ್ತೆ ಶುರುಮಾಡಬೇಕು.

ಮಾತ್ರೆ ಬಿಡಬೇಡಿ ಎಂದು ನಾನು ಒಂದು ದಿನ ವಾದ ಮಾಡಿದೆ. ಒಂದೇ ದಿನ.

"ಈ ಕೈ ಹೋದ್ರೆ ನಂಗೆ ಉಣ್ಣಾಕಿಕ್ಕೋರು ಯಾರು, ಹೇಳಿ ಮಿಸ್ಸೆ," ಎಂದರು. ಮಗಳ ಮನೆಯಲ್ಲಿ ಹೋಗಿ ಕೂರುವುದು ಅವರಿಗೆ ಸಾವಿಗಿಂತ ಕಡೆ. ನನ್ನ ಕೋಣೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಅಡ್ಡಗೆರೆ ಹಾಕುವ ಕೆಲಸ ಒಪ್ಪಿಕೊಂಡೆ.

ಹತ್ತನೆಯ ದಿನವೋ ಹನ್ನೆರಡನೆಯ ದಿನವೋ ಆಕೆ ನನ್ನ ಬಾಗಿಲಿಗೆ ಬಂದು ಬಲಗೈ ಎತ್ತಿ, ನಿಧಾನವಾಗಿ ಬೆರಳು ಮಡಚಿ, ಮುಷ್ಟಿ ಮುಚ್ಚಿ ತೋರಿಸಿದರು. ವರ್ಷದಿಂದ ಮುಚ್ಚಿರದ ಮುಷ್ಟಿ.

"ನೋಡ್ದ್ರಾ? ಇನ್ನು ಯಾರಿಗಾದ್ರೂ ಗುದ್ದಬೋದು."

ಮತ್ತೆ ಸುಲಿಯಲು ಹೋದರು. ದಿನವಿಡೀ ಕೈ ತುಂಬ ಕಡಲೆಕಾಯಿ, ಬಾಯಿಗೆ ಒಂದೂ ಇಲ್ಲ. ಹೆಂಗಸರು ಬಿಡುತ್ತಿರಲಿಲ್ಲ. "ಒಂದ್ ಬೀಜ ತಿಂದ್ರೆ ಸಿದ್ದಪ್ಪ ಬೆಟ್ಟ ಇಳ್ದು ಬತ್ತಾನಾ?" ಎನ್ನುವರು. "ಬರ್ಲಿ ಬುಡು, ಅವ್ನ ಕೈಲೂ ಒಂದ್ ರಾಶಿ ಸುಲಿಸಾನ," ಎಂದು ಈಕೆ. ಸಂಜೆ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಒಂದು ಹಿಡಿಯನ್ನು ನೇರ ತಂದು ನನ್ನ ಕೈಗೆ ಸುರಿಯುತ್ತಿದ್ದರು. ಮನೆಯೊಳಕ್ಕೆ ಒಯ್ಯುತ್ತಿರಲಿಲ್ಲ. ನಾನು ಅದನ್ನು ಹುರಿದು ಪುಡಿ ಮಾಡಿ ಇಡುತ್ತಿದ್ದೆ. ಪಲ್ಯಕ್ಕೆ ಕಡಲೆಕಾಯಿ ಪುಡಿ ಹಾಕುವುದನ್ನು ನನಗೆ ಕಲಿಸಿದವರೂ ಅವರೇ. ಪುಡಿ ಹಾಕದ ಪಲ್ಯ ದನ ತಿನ್ನೋ ಸೊಪ್ಪು ಎನ್ನುತ್ತಿದ್ದರು.

ಕ್ಯಾಲೆಂಡರಿನಲ್ಲಿ ಮೂವತ್ತು ಗೆರೆಗಳಿದ್ದವು. ಅವತ್ತು ಭಾನುವಾರ ಮಧ್ಯಾಹ್ನ. ಆಕೆಗೆ ಒಂದು ಬಟ್ಟಲು ಪಲ್ಯ ಕೊಟ್ಟು ಬಂದು ನನ್ನ ಊಟಕ್ಕೆ ಕೂತೆ. ಎರಡನೆಯ ತುತ್ತಿಗೋ ಮೂರನೆಯದಕ್ಕೋ ನನ್ನ ನಾಲಿಗೆಗೆ ಗೊತ್ತಾಯಿತು. ಎಂಜಲು ಕೈಯಲ್ಲೇ ಓಡಿದೆ.

"ಅಮ್ಮಾ, ತಿನ್ಬೇಡಿ. ಅದ್ರಲ್ಲಿ ಪುಡಿ ಹಾಕ್ಬಿಟ್ಟಿದ್ದೀನಿ."

ಆಕೆ ತಟ್ಟೆಯ ಮುಂದೆ ಕೂತಿದ್ದರು. ಬಟ್ಟಲು ಅರ್ಧ ಖಾಲಿಯಾಗಿತ್ತು. ನನ್ನನ್ನು ನೋಡಲಿಲ್ಲ, ಬಟ್ಟಲನ್ನು ನೋಡಿದರು.

"ಮರ್ತು ಹಾಕಿದ್ರೆ ಪಾಪ ಇಲ್ಲ ಬುಡಿ. ಆದ್ರೆ ಮದ್ದಿಗೆ ಅದು ಗೊತ್ತಾಗಕಿಲ್ಲ."

ಕೈ ತೊಳೆದು, ಡಬ್ಬಿ ತೆಗೆದುಕೊಂಡು ಹೋಗಿ ಪುಡಿಯನ್ನೆಲ್ಲ ತಿಪ್ಪೆಗೆ ಸುರಿದು ಬಂದರು.

ಮರೆತು ಹಾಕಿದೆ ಎಂದು ನಾನೂ ಇಷ್ಟು ವರ್ಷ ಹೇಳಿಕೊಂಡಿದ್ದೇನೆ. ಕೈಯ ಅಭ್ಯಾಸ, ಹಾಕಿಬಿಟ್ಟಿತು. ಕೆಲವು ದಿನ ಇನ್ನೊಂದು ನೆನಪು ಬರುತ್ತದೆ. ಹಿಂದಿನ ದಿನ ಆಕೆ, ಬಾಯೆಲ್ಲ ಬೂದಿ ತಿಂದಂಗಾಗೈತೆ, ರುಚಿಯಾಗಿ ಏನಾರ ಮಾಡಿ ಮಿಸ್ಸೆ ಎಂದು ಕೇಳಿದಂತೆ. ಅದನ್ನು ಆಮೇಲೆ ನಾನೇ ಕಟ್ಟಿಕೊಂಡೆನೋ ಏನೋ, ಅದರಲ್ಲಿ ಆಕೆಯ ದನಿ ಕೇಳುವುದಿಲ್ಲ. ಇನ್ನೊಂದನ್ನು ಬರೆಯಲು ಇಷ್ಟವಿಲ್ಲ, ಆದರೂ ಬರೆಯುತ್ತೇನೆ. ಬಿ.ಎಡ್. ಮಾಡಿದ್ದ ನನಗೆ ಆ ಪಥ್ಯದ ಬಗ್ಗೆ ಒಳಗೊಳಗೇ ತಾತ್ಸಾರವಿತ್ತು. ಒಂದು ಚಮಚ ಪುಡಿಯಿಂದ ಏನಾಗುತ್ತದೆ ನೋಡೇಬಿಡೋಣ ಎಂದು ಚಮಚ ಹಿಡಿದ ಕೈ ಒಂದು ಕ್ಷಣ ನಿಂತು, ಆಮೇಲೆ ಬಗ್ಗಿತೇ? ಹಾಗಿದ್ದರೆ ಓಡಿ ಹೋಗಿ ಹೇಳಿದ್ದೇಕೆ? ಒಂದಂತೂ ನಿಜ. ಆಕೆ ಪುಡಿ ಸುರಿದು ಬಂದಾಗ ನನಗೆ ಸಮಾಧಾನವಾಗಿತ್ತು. ಇನ್ನು ಆಸ್ಪತ್ರೆಯ ಮಾತ್ರೆಗೆ ಒಪ್ಪಿಸಬಹುದು ಎಂದುಕೊಂಡೆ.

ನಾಲ್ಕನೆಯ ದಿನ ಜ್ವರ ಬಂತು. ಆರನೆಯ ದಿನಕ್ಕೆ ಮೈಯೆಲ್ಲ ಕೆಂಪು, ಹಾಸಿಗೆಯ ಮೇಲೆ ಹಿಟ್ಟು ಚೆಲ್ಲಿದಂತೆ ಚರ್ಮದ ಪುಡಿ. ಮಂಡಿ, ಮಣಿಕಟ್ಟು, ಬೆರಳು, ಎಲ್ಲವೂ ಒಟ್ಟಿಗೆ ಊದಿದವು. ಹೊದಿಕೆ ಸೋಕಿದರೆ ನರಳುತ್ತಿದ್ದರು.

ಸುಲಿಯುವ ಹೆಂಗಸರು ಬಂದು ಬಾಗಿಲಲ್ಲೇ ನಿಂತರು. "ಮದ್ದು ತಿರುಗ್ಬುಟ್ಟೈತೆ," ಎಂದು ಒಬ್ಬರು. ಕೊರಟಗೆರೆಯಿಂದ ಬಂದ ಮಗಳು ಅಳುತ್ತ, "ಏನ್ ತಿಂದೆ ಹೇಳವ್ವಾ" ಎಂದು ಕೇಳುತ್ತಲೇ ಇದ್ದಳು. ನಾನು ನೀರಿನ ಚೊಂಬು ಹಿಡಿದು ಅಲ್ಲೇ ಗೋಡೆಯ ಪಕ್ಕ ನಿಂತಿದ್ದೆ.

"ಸುಲಿಯೋವಾಗ ನಾನೇ ಬಾಯಿಗಾಕ್ಕಂಡೆ ಕಣೆ. ಆಸೆ ತಡೀನಿಲ್ಲ," ಎಂದರು ಆಕೆ.

"ನಾಲ್ಗೆ ಕಟ್ಟಾಕಾಗ್ನಿಲ್ವಾ? ನಲವತ್ತೆಂಟೇ ದಿನ," ಎಂದಳು ಮಗಳು. ಹೆಂಗಸರಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಹೇಳಲು ನನಗೆ ಸಮಯವಿತ್ತು. ಬಸ್ಸಿಗೆ ಕಾಯುವಾಗ ಇತ್ತು, ಮಧುಗಿರಿಯ ಆಸ್ಪತ್ರೆಯಿಂದ ತುಮಕೂರಿಗೆ ಸಾಗಿಸುವಾಗ ಇತ್ತು, ಅಲ್ಲಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಮಗಳ ಪಕ್ಕದಲ್ಲಿ ಕೂತಿದ್ದ ಮೂರು ದಿನವೂ ಇತ್ತು. ಹೇಳಲಿಲ್ಲ.

ಆಕೆ ಉಳಿದರು, ಕೈ ಉಳಿಯಲಿಲ್ಲ. ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ ಸೊಟ್ಟಗಾದವು. ಮಗಳ ಮನೆ ಬೇಡವೆಂದು ಹಟ ಹಿಡಿದು ತಿರುಮಣಿಯಲ್ಲಿದ್ದ ತಮ್ಮನ ಮನೆಗೆ ಹೋದರು. ನನಗೆ ಸಿರಾ ಕಡೆ ಕಾಯಂ ಕೆಲಸ ಸಿಕ್ಕಿತು. ಹೋಗಿ ನೋಡಿಕೊಂಡು ಬರಬೇಕು ಎಂದುಕೊಂಡ ವರ್ಷಗಳು ಎಷ್ಟೋ. ತೀರಿಕೊಂಡ ಸುದ್ದಿಯನ್ನು ಪಾವಗಡದ ಬಸ್ಸಿನಲ್ಲಿ ಸಿಕ್ಕ ಆ ಊರಿನ ಹೆಂಗಸೊಬ್ಬಳು ಹೇಳಿದಳು. ಆಗಲೇ ಒಂದು ವರ್ಷ ಕಳೆದಿತ್ತಂತೆ. ಕೊನೆಕೊನೆಗೆ ತುತ್ತನ್ನೂ ತಮ್ಮನ ಹೆಂಡತಿಯೇ ಬಾಯಿಗಿಡುತ್ತಿದ್ದಳಂತೆ.

ಕಳೆದ ತಿಂಗಳು ನನ್ನ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ, ಯಾರದೋ ಕತೆ ಎಂಬಂತೆ. "ಹತ್ತು ದಿನಕ್ಕೆ ಮುಷ್ಟಿ ಮುಚ್ಚಿದ್ರು ಅಂದ್ರೆ ಪುಡಿಲಿ ಸ್ಟೀರಾಯ್ಡ್ ಬೆರೆಸಿರಬಹುದು. ಅದನ್ನ ಒಂದೇ ಸಲ ನಿಲ್ಲಿಸಿದ್ರೆ ಹಂಗೆ ತಿರುಗಿ ಬಡಿಯುತ್ತೆ. ಆದ್ರೆ ಪುಡಿ ನೋಡ್ದೆ ಹೇಳೋಕಾಗಲ್ಲ," ಎಂದರು.

"ಕಡಲೆಕಾಯಿ?"

"ಕಡಲೆಕಾಯಿ ಏನ್ ಮಾಡುತ್ತೆ ಮೇಡಂ, ಪಾಪ."

ಹೊರಗೆ ಬಂದಾಗ ಹಗುರಾಗಿದ್ದೆ. ಬಸ್ ನಿಲ್ದಾಣದವರೆಗೂ ಹಗುರಾಗಿದ್ದೆ. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು: ಒಂದೇ ಸಲಕ್ಕೆ ನಿಲ್ಲಿಸುವಂತೆ ಮಾಡಿದ್ದು ಯಾರು? ನಾನು ಓಡಿ ಹೋಗಿ ಹೇಳದಿದ್ದರೆ ಆಕೆ ಪುಡಿ ಸುರಿಯುತ್ತಿರಲಿಲ್ಲ. ಹೇಳಬೇಕಾದ ಕಡೆ ಬಾಯಿ ಬಿಡಲಿಲ್ಲ, ಬಾಯಿ ಮುಚ್ಚಿದ್ದರೆ ಸಾಕಾಗುತ್ತಿದ್ದ ಕಡೆ ಓಡಿಹೋಗಿ ಹೇಳಿದೆ. ಆ ಪುಡಿ ಮುಂದುವರಿದಿದ್ದರೆ ಏನಾಗುತ್ತಿತ್ತೋ, ಅದೂ ಗೊತ್ತಿಲ್ಲ. ಇನ್ನೂ ಕೆಟ್ಟದ್ದೇ ಆಗುತ್ತಿತ್ತೇನೋ.

ಬಾಣಲೆ ಇಳಿಸಿ, ಬೀಜ ಆರಿದ ಮೇಲೆ ಹಾಳೆಯಲ್ಲಿ ಹೇಳಿದಂತೆ ಒಂದು ಹಿಡಿ ತೆಗೆಯಲು ಹೋದೆ. ಬೆರಳು ಪೂರ್ತಿ ಮಡಚಲಿಲ್ಲ. ಸಂದಿಯಿಂದ ನಾಲ್ಕಾರು ಬೀಜ ಉದುರಿ ಕಟ್ಟೆಯ ಮೇಲೆ ಹೊರಳಿದವು. ಉಳಿದದ್ದನ್ನು ತಿಂದೆ. ರುಚಿಯಾಗಿತ್ತು.

ಒಂದು ಮಾತ್ರ ಬಗೆಹರಿಯುವುದಿಲ್ಲ. ಆಕೆ ಕಡಲೆಕಾಯಿಯ ನಡುವೆಯೇ ಬದುಕಿದವರು. ಮೂರು ಮನೆ ಆಚೆ ಯಾರು ಬೀಜ ಹುರಿಯುತ್ತಿದ್ದಾರೆಂದು ಕೂತಲ್ಲೇ ಹೇಳುತ್ತಿದ್ದರು. ನನ್ನ ನಾಲಿಗೆಗೇ ಗೊತ್ತಾದದ್ದು ಅವರಿಗೆ ಬಟ್ಟಲಿನ ತಟ್ಟೆ ಸರಿಸುವಾಗಲೇ ಗೊತ್ತಾಗಿರಬೇಕು. ಆದರೂ ಅರ್ಧ ಬಟ್ಟಲು ತಿಂದಿದ್ದರು. ನಾನು ಹೋಗಿರದಿದ್ದರೆ ಪೂರ್ತಿ ತಿಂದು, ಬಟ್ಟಲು ತೊಳೆದು, ಸಂಜೆ ಎಂದಿನಂತೆ ಜೇನಿನಲ್ಲಿ ಪುಡಿ ಕಲಸಿಕೊಳ್ಳುತ್ತಿದ್ದರೇ? ಆಸೆಯೋ, ನಾನು ಕೊಟ್ಟದ್ದನ್ನು ಹಿಂದಕ್ಕೆ ಕಳಿಸಲಾರದ ದಾಕ್ಷಿಣ್ಯವೋ, ಪಥ್ಯದ ಮೇಲೆ ಅವರಿಗೂ ನಂಬಿಕೆ ಇರಲಿಲ್ಲವೋ... ನನಗೆ ಗೊತ್ತಿಲ್ಲ. ಕೇಳಬಹುದಾಗಿದ್ದಾಗ ಕೇಳಲಿಲ್ಲ.